ಹತ್ತು ಸೊನ್ನೆ ಸೊನ್ನಪ್ಪ

"ಚಡ್ಡಿಗೆ ಯಾಕ್ರೀ ಫೋನ್ ನಂಬರು?"

ಶಾಮಣ್ಣ ಪಾರ್ಕಿನ ಗೇಟು ದಾಟುವಾಗಲೇ ಕೂಗಿಕೊಂಡು ಬಂದ. ಕಲ್ಲುಬೆಂಚಿನ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದ ನಾಗರಾಜ ತಲೆ ಎತ್ತಿದ. ಅವನ ಕಿವಿಗೆ ಬೇರೆ ಏನು ಬಿದ್ದರೂ ಬಿಟ್ಟಾನು, ರಾಜಕೀಯ ಬಿದ್ದರೆ ಬಿಡುವವನಲ್ಲ.

"ಸಂಘದ ವಿಷಯ ಇಲ್ಲಿ ಬೇಡ ಶಾಮಣ್ಣ. ಆಮೇಲೆ ಜಗಳ ಆಗುತ್ತೆ."

"ಅವರದು 2016ರಲ್ಲೇ ಪ್ಯಾಂಟ್ ಆಯ್ತಲ್ಲೋ. ನಾನು ಹೇಳ್ತಿರೋದು ಇದು," ಎಂದು ಚೀಲದಿಂದ ಎರಡು ಪಟಾಪಟಿ ಚಡ್ಡಿ ತೆಗೆದು ಬೆಂಚಿನ ಮೇಲೆ ಹರಡಿದ. ಪದ್ಮಕ್ಕ ಮುಖ ಆ ಕಡೆ ತಿರುಗಿಸಿದರು. ಬೆಲೆ ಚೀಟಿ ಓದಿಯೇ ತಿರುಗಿಸಿದರು ಅನ್ನಿ.

"ಬಿಲ್ ಹಾಕೋ ಹುಡುಗಿ 'ನಂಬರ್ ಹೇಳಿ ಸರ್' ಅಂದ್ಲು. ನಾನು 'ತೊಂಬತ್ತೈದು' ಅಂದೆ. ಸೊಂಟದ ಅಳತೆ ಕೇಳ್ತಿದಾಳೆ ಅಂದ್ಕೊಂಡೆ. 'ಅದಲ್ಲ ಸರ್, ಫೋನ್ ನಂಬರು' ಅಂದ್ಲು. 'ಯಾಕಮ್ಮಾ, ಇದು ರಾತ್ರಿ ಹೊತ್ತು ಫೋನ್ ಮಾಡುತ್ತಾ?' ಅಂದೆ. 'ಇಲ್ಲ ಸರ್, ನಂಬರ್ ಹಾಕ್ದೆ ಇದ್ರೆ ಸಿಸ್ಟಂ ತಗೊಳಲ್ಲ' ಅಂದ್ಲು. ಚಡ್ಡಿ ತಗೊಳ್ಳೋನು ನಾನು, ದುಡ್ಡು ತಗೊಳ್ಳೋಳು ಅವಳು. ಮಧ್ಯ ಈ ಸಿಸ್ಟಂ ಅನ್ನೋನು ಯಾವನು, ಅವನೇನು ತಗೋಬೇಕು?"

"ಕೊಟ್ಬಿಡೋದಪ್ಪ. ಏನಾಗುತ್ತೆ?" ಅಂದ ವಿಶ್ವ, ಫೋನಿನಿಂದ ಕಣ್ಣು ತೆಗೆಯದೆ.

"ಅದೇ ಮಾತು! ನನ್ನ ಹಿಂದೆ ಕ್ಯೂನಲ್ಲಿ ಮಗು ಎತ್ಕೊಂಡು ನಿಂತಿದ್ದ ಹೆಣ್ಮಗಳೂ ಅದೇ ಅಂದ್ಲು. 'ಕೊಟ್ಬಿಡಿ ಅಂಕಲ್, ಏನಾಗುತ್ತೆ.' ಅವಳ ಹಿಂದಿನೋನು ಗಡಿಯಾರ ನೋಡಿದ. ಒಂದು ನಿಮಿಷದಲ್ಲಿ ಇಡೀ ಅಂಗಡಿಗೆ ನಾನೇ ಕಳ್ಳ, ನನ್ನನ್ನ ಕೇಳೋ ಸಿಸ್ಟಂ ಸಾಚಾ."

"ಕೊನೆಗೆ ಕೊಟ್ರಾ ಇಲ್ವಾ?" ಅಂದರು ಪದ್ಮಕ್ಕ.

"ಕೇಳಿ. ಆ ಹುಡುಗಿಗೇ ಪಾಪ ಅನ್ನಿಸ್ತು. ಅತ್ತ ಇತ್ತ ನೋಡಿ, ಸೂಪರ್‌ವೈಸರ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಪಿಸುದನಿಯಲ್ಲಿ 'ಹತ್ತು ಸೊನ್ನೆ ಹೊಡೀಲಾ ಸರ್?' ಅಂದ್ಲು. ಹೊಡಿ ತಾಯಿ ಅಂದೆ. ಟಕಟಕ ಅಂತ ಹತ್ತು ಸೊನ್ನೆ ಹೊಡೆದ್ಲು. ಸಿಸ್ಟಂ ಗಪ್ ಅಂತ ತಗೊಳ್ತು. ತಗೊಂಡಿದ್ದಷ್ಟೇ ಅಲ್ಲ, ಸ್ಕ್ರೀನ್ ಮೇಲೆ ಹೂವು ಉದುರಿಸ್ತು. 'ವೆಲ್‌ಕಂ ಬ್ಯಾಕ್! ನೀವು ನಮ್ಮ ಪ್ಲಾಟಿನಂ ಗ್ರಾಹಕರು. ನಿಮ್ಮ ಖಾತೆಯಲ್ಲಿ 41 ಸಾವಿರ ಪಾಯಿಂಟುಗಳಿವೆ!'"

ಕಡಲೆಕಾಯಿ ಸುಲಿಯುವ ಸದ್ದು ನಿಂತಿತು.

"ಅಂದ್ರೆ," ಅಂದರು ಪದ್ಮಕ್ಕ, "ನಂಬರ್ ಕೊಡೋಕೆ ಇಷ್ಟ ಇಲ್ಲದೋರೆಲ್ಲ ಕೊಂಡಿದ್ದು ಆ ಸೊನ್ನಪ್ಪನ ಲೆಕ್ಕಕ್ಕೇ ಹೋಗಿದೆ."

ಹೀಗೆ ಆ ಮನುಷ್ಯನಿಗೆ ನಾಮಕರಣವಾಯಿತು. ಆ ಸಂಜೆ ಪಾರ್ಕಿನಲ್ಲಿ ಮುಖ್ಯಮಂತ್ರಿ ಬದಲಾವಣೆ, ಮೆಟ್ರೋ ದರ, ಕಸದ ಗಾಡಿ ಇವೆಲ್ಲ ಸರದಿಯಲ್ಲಿ ಕಾದಿದ್ದವು. ಸೊನ್ನಪ್ಪ ಬಂದು ಎಲ್ಲವನ್ನೂ ಆಚೆಗೆ ತಳ್ಳಿದ.

"ಅವನ ಜಾತಕ ಹೇಗಿರಬಹುದು ಯೋಚನೆ ಮಾಡ್ರೋ," ಶಾಮಣ್ಣನಿಗೆ ಹುರುಪು ಬಂತು. "ಬೆಳಿಗ್ಗೆ ಮಗುವಿಗೆ ಡೈಪರ್ ಕೊಂಡಿದಾನೆ, ಮಧ್ಯಾಹ್ನ ಹಲ್ಲುಸೆಟ್ಟು ತೊಳೆಯೋ ಪುಡಿ. ರೇಷ್ಮೆ ಸೀರೆ ಉಡ್ತಾನೆ, ಗಡ್ಡಾನೂ ಕೆರೀತಾನೆ. ಎಲ್ಲ ಸೈಜಿನ ಚಪ್ಪಲಿ ಹಾಕ್ತಾನೆ. ನಾಯಿ ಬಿಸ್ಕತ್ತು ಒಯ್ದ ದಿನವೇ ಬೆಕ್ಕಿನ ಅನ್ನಾನೂ ಒಯ್ದಿದಾನೆ. ಒಂದೇ ಗಂಟೇಲಿ ರಾಜಾಜಿನಗರದಲ್ಲೂ ಇದಾನೆ, ಹುಬ್ಬಳ್ಳೀಲೂ ಇದಾನೆ. ಕಂಪ್ಯೂಟರ್ ಪಾಪ ಕೂತು ಯೋಚನೆ ಮಾಡ್ತಿರುತ್ತೆ, ಈ ಮಹಾತ್ಮನಿಗೆ ಯಾವ ಜಾಹೀರಾತು ಕಳಿಸೋದು ಅಂತ."

"ಓಟು ಯಾವ ಕಡೆ ಹಾಕ್ತಾನೋ," ಅಂದ ನಾಗರಾಜ, ನಿಜವಾದ ಚಿಂತೆಯಿಂದ.

"ನೋಡಿ," ವಿಶ್ವ ಕೊನೆಗೂ ಫೋನು ಮಡಚಿಟ್ಟ. ಅವನದು ಮಡಚುವ ಫೋನು, ಮಡಚಿದ್ದನ್ನು ನಾವೆಲ್ಲ ನೋಡಬೇಕೆಂಬುದು ಅವನ ಆಸೆ. "ನೀವು ಸುಮ್ನೆ ಹೆದರ್ತೀರ. ನಾನೇನು ಕಳ್ಳತನ ಮಾಡಿಲ್ಲ, ಮುಚ್ಚಿಡೋಕೆ ನನ್ನ ಹತ್ರ ಏನೂ ಇಲ್ಲ. ಏರ್‌ಪೋರ್ಟಲ್ಲಿ ಮುಖ ತೋರಿಸ್ತೀನಿ, ಡಿಜಿಯಾತ್ರಾ ಬಾಗಿಲು ತೆಗೆಯುತ್ತೆ. ನೀವು ಹಿಂದೆ ಸಾಲಲ್ಲಿ ಜೆರಾಕ್ಸ್ ಹುಡುಕ್ತಾ ಇರ್ತೀರ."

"ಮುಚ್ಚಿಡೋಕೆ ಏನೂ ಇಲ್ವಾ?"

"ಏನೂ ಇಲ್ಲ."

"ಸಂಬಳ ಎಷ್ಟು?"

ವಿಶ್ವ ಫೋನನ್ನು ಮತ್ತೆ ಬಿಚ್ಚಿದ.

"ಹೋಗ್ಲಿ, ಹೆಂಡ್ತಿಗಾದ್ರೂ ಸರಿಯಾದ ಲೆಕ್ಕ ಹೇಳಿದೀಯಾ?"

ಮಡಚಿದ.

"ಇದಕ್ಕೆಲ್ಲ ಕಾನೂನು ಇಲ್ವೇನ್ರೀ?" ಅಂದರು ಪದ್ಮಕ್ಕ, ವಿಶ್ವನನ್ನು ಪಾರುಮಾಡುವ ಹಾಗೆ.

"ಇದೆಯಲ್ಲ," ಅಂದ ಶಾಮಣ್ಣ. "ನಂಬರ್ ಕೊಡ್ದಿದ್ರೆ ಸಾಮಾನು ಕೊಡಲ್ಲ ಅನ್ನೋದು ಅನುಚಿತ ವ್ಯಾಪಾರ ಅಂತ 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಹೇಳಿದೆ. ಇಲಾಖೆ ಹೇಳಿದ್ದನ್ನ ಸಿಸ್ಟಂ ತಗೊಂಡಿಲ್ಲ ಅಷ್ಟೇ. ಅದಕ್ಕಿಂತ ದೊಡ್ಡದು ಬೇಕಾ? ನಮ್ಮ ಪುಟ್ಟಸ್ವಾಮಿ ಕೇಸೇ ಇದೆ."

"ಯಾರು, ಹಾಲಿನ ಪುಟ್ಟಸ್ವಾಮೀನಾ? ಅವನ ಮೇಲೆ ಯಾರು ಕೇಸ್ ಹಾಕಿದ್ರು?"

"ಅವನಲ್ಲ ಕಣೋ ನಾಗರಾಜ. ಜಸ್ಟೀಸ್ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಹೈಕೋರ್ಟಲ್ಲಿ ಜಡ್ಜ್ ಆಗಿ ನಿವೃತ್ತರಾಗಿ ಇದೇ ಬೆಂಗಳೂರಲ್ಲಿ ಇದ್ರು. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ನಾವು ಎಪ್ಪತ್ತಕ್ಕೇ ಲಿಫ್ಟ್ ಕೆಟ್ಟಿದೆ ಅಂತ ದೂರು ಕೊಡೋಕೂ ಪಕ್ಕದ ಮನೆಯೋರನ್ನ ಛೂ ಬಿಡ್ತೀವಿ."

"ನಾನೇ ಕೊಟ್ಟಿದ್ದೆ ದೂರು," ಅಂದರು ಪದ್ಮಕ್ಕ.

"ನಿಮ್ಮನ್ನ ಛೂ ಬಿಟ್ಟಿದ್ದು ನಾವೇ. ಇರ್ಲಿ. ಸರ್ಕಾರದ ವಕೀಲರು ಏನಂದ್ರು ಗೊತ್ತಾ? ಖಾಸಗಿತನ ಅನ್ನೋದು ಮೂಲಭೂತ ಹಕ್ಕೇ ಅಲ್ಲ ಅಂತ. ಅದಕ್ಕೆ ಹಳೇ ತೀರ್ಪು ಹುಡುಕಿ ತಂದ್ರು, 1954ರದ್ದು ಒಂದು, 1962ರ ಖರಕ್ ಸಿಂಗ್ ಅನ್ನೋನದ್ದು ಇನ್ನೊಂದು. ಈ ಖರಕ್ ಸಿಂಗ್ ಉತ್ತರ ಪ್ರದೇಶದೋನು. ಅವನ ಮೇಲಿದ್ದ ಡಕಾಯಿತಿ ಕೇಸು ಸಾಕ್ಷಿ ಇಲ್ಲ ಅಂತ ಬಿದ್ದು ಹೋಗಿತ್ತು, ಆದ್ರೂ ಪೊಲೀಸರು ಮಧ್ಯರಾತ್ರಿ ಬಂದು ಬಾಗಿಲು ತಟ್ಟೋರು. ಇದೀಯಾ, ಇದ್ದೀನಿ, ಸರಿ ಮಲಕೋ, ಅಂತ. ಕೋರ್ಟು, ರಾತ್ರಿ ಬಾಗಿಲು ತಟ್ಟೋದು ತಪ್ಪು ಅಂತು. ಆದ್ರೆ ಖಾಸಗಿತನ ಅಂತ ಸಂವಿಧಾನದಲ್ಲಿ ಬರೆದಿಲ್ಲ ಅಂತಾನೂ ಅಂತು. ಅದನ್ನ ಅಲ್ಲ ಅನ್ನೋಕೆ 2017ರ ಆಗಸ್ಟ್ 24 ಬರಬೇಕಾಯ್ತು. 9 ಜನ ಜಡ್ಜುಗಳು, ಒಬ್ಬರೂ ತಗಾದೆ ತೆಗೀಲಿಲ್ಲ, ಖಾಸಗಿತನ ಮೂಲಭೂತ ಹಕ್ಕು ಅಂತ ಬರೆದ್ರು. ಮುಂದಿನ ವರ್ಷ ಆಧಾರ್ ಉಳೀತು. ಆದ್ರೆ ಕಂಪನಿಗಳು ಅದನ್ನ ಕೇಳೋಕೆ ಇದ್ದ ದಾರಿಗೆ ಬೇಲಿ ಬಿತ್ತು."

"ಮೊನ್ನೆ ಧರ್ಮಸ್ಥಳದಿಂದ ಬರ್ತಾ ದಾರೀಲಿ ಲಾಡ್ಜ್ ಮಾಡಿದ್ವಿ, ಆಧಾರ್ ಜೆರಾಕ್ಸ್ ತಗೊಂಡ," ಅಂದ ನಾಗರಾಜ.

"ತಗೋತಾನೆ. ನಾಳೆ ಆ ಜೆರಾಕ್ಸಲ್ಲೇ ಬೋಂಡ ಕಟ್ಟಿ ಕೊಡ್ತಾನೆ. ಒಂಬತ್ತು ಜನ ಜಡ್ಜುಗಳು ಒಂದು ಕಡೆ, ಲಾಡ್ಜ್ ಮ್ಯಾನೇಜರ್ ಒಂದು ಕಡೆ. ಯಾರು ಗೆದ್ರು ಹೇಳು?"

ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನೆಲಗಡಲೆ ಎಣ್ಣೆಯ ಆಫರ್ ಬಗ್ಗೆ ಚರ್ಚೆ ನಡೆಯುತ್ತಿತ್ತು ಎಂದು ಶಾಮಣ್ಣ ಸೇರಿಸಿದ. ನಾನು ಹಿಂದಕ್ಕೆ ಜರುಗಿಸಿ ನೋಡಿದೆ. ನಿಜವೇ. ಎಣ್ಣೆ ಅಗ್ಗವಾಗಿಯೇ ಇತ್ತು.

"ಕೋವಿಡ್‌ನಲ್ಲಿ ಮರ್ತು ಹೋಯ್ತಾ ನಿಮಗೆಲ್ಲ?" ಪದ್ಮಕ್ಕ ಬೆಂಚಿನ ತುದಿಗೆ ಬಂದರು. "ನಮ್ಮ ಅಕ್ಕನ ಮಗ ದುಬೈಯಿಂದ ಬಂದು ನಮ್ಮ ಮಹಡಿ ಮೇಲೆ ಹದಿನಾಲ್ಕು ದಿನ ಇದ್ದ. ಕೈ ಮೇಲೆ ಸೀಲು. ಗಂಟೆಗೊಂದು ಸೆಲ್ಫಿ ಕಳಿಸ್ಬೇಕು ಅಂತ ನಮ್ಮ ರಾಜ್ಯದಲ್ಲೇ ಆರ್ಡರ್ ಆಗಿತ್ತು, ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರ ತನಕ. ಹುಡುಗ ಮೊದಲ ದಿನ ತಲೆ ಬಾಚ್ಕೊಂಡು, ಇಸ್ತ್ರಿ ಷರ್ಟು ಹಾಕ್ಕೊಂಡು, ಕಿಟಕಿ ಹತ್ರ ನಿಂತು ತೆಗೆಸ್ಕೊಂಡ. ಮೂರನೇ ದಿನಕ್ಕೆ ಬನಿಯನ್ನು. ಒಂದು ವಾರಕ್ಕೆ ಬರೀ ಮೂಗು ಮಾತ್ರ ಕಾಣೋದು. ಊಟದ ತಟ್ಟೆ ಮುಂದಿಟ್ರೆ, 'ಇರಿ ಚಿಕ್ಕಮ್ಮ, ಸರ್ಕಾರಕ್ಕೆ ಫೋಟೋ ಕಳಿಸಿ ಬರ್ತೀನಿ' ಅನ್ನೋನು."

"ರಾತ್ರಿ ಹತ್ತರಿಂದ ಏಳರವರೆಗೆ ಯಾಕೆ ಬೇಡ?"

"ಆ ಹೊತ್ತಲ್ಲಿ ಕೊರೋನಾನೂ ಮಲಗಿರುತ್ತೆ," ಅಂದ ಶಾಮಣ್ಣ.

ನಕ್ಕೆವು. ಪದ್ಮಕ್ಕ ನಗಲಿಲ್ಲ. "ಸೆಲ್ಫಿ ಬಿಡಿ. ಕ್ವಾರಂಟೈನ್‌ನಲ್ಲಿ ಇರೋರ ವಿಳಾಸದ ಪಟ್ಟೀನ ಸರ್ಕಾರಾನೇ ಹೊರಗೆ ಬಿಟ್ಟಿತ್ತಲ್ಲ, ಅದರಲ್ಲಿ ನಮ್ಮ ಮನೆ ನಂಬರ್ ಇತ್ತು. ಅದು ಎಲ್ಲರ ಫೋನಿಗೂ ಹೋಯ್ತು. ಮಾರನೇ ದಿನದಿಂದ ಹೂವಿನೋಳು ನಮ್ಮ ಗೇಟಿನ ಹತ್ರಾನೂ ಸುಳೀಲಿಲ್ಲ. ಇಪ್ಪತ್ತು ವರ್ಷ ಹೂ ಕೊಟ್ಟೋಳು. ಈಗ್ಲೂ ಸಿಕ್ರೆ ಮಾತಾಡ್ತಾಳೆ, ನಾನೂ ಮಾತಾಡ್ತೀನಿ. ಹೂವು ಮಾತ್ರ ಬೇರೆ ಕಡೆ ತಗೋತೀನಿ."

ಯಾರೋ ಏನೋ ಹೇಳಬೇಕಿತ್ತು. ಹೇಳಬೇಕಾದವನು ನಾಗರಾಜನೇ. ಅವತ್ತು ಆ ಪಟ್ಟಿಯನ್ನು ನಮ್ಮ ಗುಂಪಿಗೆ ಫಾರ್ವರ್ಡ್ ಮಾಡಿದವನು ಅವನೇ. ಪದ್ಮಕ್ಕನಿಗೂ ಗೊತ್ತು. ಅವನು ಕಡಲೆಕಾಯಿ ಪೊಟ್ಟಣವನ್ನು ಅವರ ಕಡೆ ಸರಿಸಿದ, ಅವರು ನಾಲ್ಕು ಕಾಯಿ ತೆಗೆದುಕೊಂಡರು, ವ್ಯವಹಾರ ಮುಗಿಯಿತು.

"ಇದಕ್ಕೆಲ್ಲ ರಾಜಕಾರಣಿಗಳೇ ಕಾರಣ," ನಾಗರಾಜ ದಾರಿ ಬದಲಿಸಿದ. "ದೊಡ್ಡ ದೊಡ್ಡ ಕಂಪನಿಗಳು ಡೆಲ್ಲೀಲಿ ಕೂತು ಲಾಬಿ ಮಾಡ್ತಾರೆ. ನಮ್ಮಂಥೋರ ಮಾತು ಯಾರು ಕೇಳ್ತಾರೆ?"

"ನೀನೇ ಲಾಬಿ ಮಾಡಿದೀಯಲ್ಲೋ."

"ನಾನಾ?"

"2015ರ ಕೊನೇಲಿ. ಪೇಪರ್ ತೆಗೆದ್ರೆ ಪುಟ ತುಂಬ ಜಾಹೀರಾತು, ಬಡವರಿಗೆ ಫ್ರೀ ಇಂಟರ್ನೆಟ್ಟು, ಫ್ರೀ ಬೇಸಿಕ್ಸ್ ಅಂತ. ಫೇಸ್‌ಬುಕ್ ತೆಗೆದ್ರೆ ಒಂದು ಬಟನ್ನು, ಒತ್ತಿದ್ರೆ ನಿನ್ನ ಹೆಸರಲ್ಲಿ, ಫೋನು-ಇಂಟರ್ನೆಟ್ ಕಂಪನಿಗಳ ಮೇಲೆ ಕಣ್ಣಿಡೋ ಟ್ರಾಯ್‌ಗೆ ಪತ್ರ. ಫ್ರೀ ಅನ್ನೋದೇನೋ ನಿಜ, ಆದ್ರೆ ಅವರು ಒಳಗೆ ಬಿಟ್ಟ ಸೈಟುಗಳು ಮಾತ್ರ ಫ್ರೀ. ನೀನು ಒತ್ತಿ, 'ಬಡವರಿಗಾಗಿ ಒಂದು ಕ್ಲಿಕ್' ಅಂತ ನಮಗೂ ಕಳಿಸಿದ್ದೆ."

"ಒಳ್ಳೇದಾಗ್ಲಿ ಅಂತ ಒತ್ತಿದ್ದೆ ಕಣೋ!"

"ಲಾಬಿ ಮಾಡೋರೆಲ್ಲ ಒಳ್ಳೇದಾಗ್ಲಿ ಅಂತಾನೇ ಮಾಡೋದು. ನೀನು ಬಿಟ್ಟಿ ಮಾಡಿದೆ, ಅಷ್ಟೇ ವ್ಯತ್ಯಾಸ. ಅಮೆರಿಕದಲ್ಲಿ ಆ ಕೆಲಸಕ್ಕೆ ಸಂಬಳ ಇದೆ, ಎಷ್ಟು ಖರ್ಚಾಯ್ತು ಅಂತ ಲೆಕ್ಕಾನೂ ಒಪ್ಪಿಸ್ಬೇಕು. 2012ರಲ್ಲಿ ವಾಲ್‌ಮಾರ್ಟಿನೋರು ಅಲ್ಲಿ ಒಪ್ಪಿಸಿದ ಲೆಕ್ಕದಲ್ಲಿ ಇಂಡಿಯಾ ಮಾರುಕಟ್ಟೆ ಹೆಸರೂ ಇತ್ತು ಅಂತ ನಮ್ಮ ಪಾರ್ಲಿಮೆಂಟಲ್ಲಿ ಗಲಾಟೆ ಆಗಿದ್ದು ನೆನಪಿದ್ಯಾ? ಇಲ್ಲಿ ವಶೀಲಿಗೆ ಕಾನೂನೂ ಇಲ್ಲ, ರಿಜಿಸ್ಟ್ರೂ ಇಲ್ಲ. ಚಡ್ಡಿ ಕೊಳ್ಳೋನು ನಂಬರ್ ಕೊಡಬೇಕು, ಮಂತ್ರಿ ಮನೆಗೆ ಫೈಲ್ ಹಿಡ್ಕೊಂಡು ಹೋಗೋನು ಹೆಸರೂ ಬರೀಬೇಕಾಗಿಲ್ಲ."

ಇಲ್ಲಿ ವಿಶ್ವನಿಗೆ ಎದೆ ಉಬ್ಬಿತು. 2015ರ ಏಪ್ರಿಲ್‌ನಲ್ಲಿ ಟ್ರಾಯ್‌ಗೆ ಎಲ್ಲ ಸೈಟಿಗೂ ಒಂದೇ ನ್ಯಾಯ ಇರಲಿ ಎಂದು ಪತ್ರ ಬರೆದ ಹತ್ತು ಲಕ್ಷಕ್ಕೂ ಹೆಚ್ಚು ಜನರಲ್ಲಿ ಅವನೂ ಒಬ್ಬನಂತೆ. "2016ರ ಫೆಬ್ರವರಿ 8ಕ್ಕೆ ಟ್ರಾಯ್ ಆರ್ಡರ್ ಬಂತು, ಒಂದೊಂದು ಸೈಟಿಗೆ ಒಂದೊಂದು ದರ ಇಡೋ ಹಾಗಿಲ್ಲ ಅಂತ. ಜನಾನೂ ಗೆಲ್ತಾರೆ ಅಂಕಲ್."

"ಗೆದ್ರಪ್ಪ. ಆವತ್ತು ನಿನಗೆ ಸಿಟ್ಟಿತ್ತು. ಈವತ್ತು ಮುಖ ತೋರಿಸಿದ್ರೆ ಬಾಗಿಲು ತೆಗೆಯುತ್ತೆ, ಅದಕ್ಕೇ ಸಿಟ್ಟು ಇಳಿದಿದೆ." ಶಾಮಣ್ಣ ನಾಗರಾಜನ ಕಡೆ ತಿರುಗಿದ. "ಇನ್ನು ನಿನ್ನ ಕಥೆ. 2022ರಲ್ಲಿ ಮತದಾರರ ಪಟ್ಟಿ ಅಂತ ಹುಡುಗರು ಮನೆಮನೆಗೆ ಬಂದ್ರಲ್ಲ. ಆಮೇಲೆ ಗೊತ್ತಾಯ್ತು, ಅವರು ಸರ್ಕಾರದೋರೇ ಅಲ್ಲ, ಯಾವುದೋ ಖಾಸಗಿ ಸಂಸ್ಥೆಯೋರು, ಕೊರಳಲ್ಲಿ ಮಾತ್ರ ಬೂತ್ ಅಧಿಕಾರಿ ಅಂತ ಕಾರ್ಡು. ಊರೆಲ್ಲ ಗದ್ದಲ ಆಗಿ ಅಧಿಕಾರಿಗಳು ಸಸ್ಪೆಂಡ್ ಆದ್ರು. ಅಂಥದ್ದೇ ಕಾರ್ಡು ನೇತಾಕ್ಕೊಂಡು ನಿಮ್ಮನೆಗೆ ಬಂದಿದ್ದ ಹುಡುಗನಿಗೆ ನೀನು ಏನು ಮಾಡಿದೆ?"

"ಬಿಸಿಲಲ್ಲಿ ಬಂದಿದ್ದ. ಮಜ್ಜಿಗೆ ಕೊಟ್ಟೆ."

"ಮನೇಲಿ ಎಷ್ಟು ಓಟು, ಫೋನ್ ನಂಬರೇನು, ಮಗ ಎಲ್ಲಿದಾನೆ, ಎಲ್ಲ ಹೇಳಿ, ಮೇಲೆ ಮಜ್ಜಿಗೆ. ಸೊನ್ನಪ್ಪನ ಮನೆಗೆ ಅಂಥೋನು ಹೋಗಲ್ಲ ನೋಡು. ಅವನಿಗೆ ಮನೇನೇ ಇಲ್ಲ. ಲೋನ್ ಬೇಕಾ ಅಂತ ಯಾರೂ ಕೇಳಲ್ಲ, ಸಮೀಕ್ಷೆಯೋರು ಕಾಡಲ್ಲ. ಪುಟ್ಟಸ್ವಾಮಿ ತೀರ್ಪು ಪೂರ್ತಿ ಜಾರಿ ಆಗಿರೋದು ಈ ದೇಶದಲ್ಲಿ ಅವನೊಬ್ಬನ ವಿಷಯದಲ್ಲೇ."

"ಒಂದ್ನಿಮಿಷ," ವಿಶ್ವ ಫೋನಿನಲ್ಲಿ ಏನೋ ಹುಡುಕಿ ತೆಗೆದಿದ್ದ. ಮುಖದಲ್ಲಿ ಗೆಲುವಿನ ಕಳೆ. "2023ರ ಡೇಟಾ ರಕ್ಷಣೆ ಕಾಯ್ದೆ. ಇದರಲ್ಲಿ ನಮಗೂ ಕರ್ತವ್ಯಗಳಿವೆ. ಮಾಹಿತಿ ಕೊಡುವಾಗ ಬೇರೆಯವರ ಸೋಗು ಹಾಕಬಾರದು. ಹಾಕಿದ್ರೆ 10 ಸಾವಿರ ರೂಪಾಯಿ ತನಕ ದಂಡ. ಶಾಮಣ್ಣ ಅಂಕಲ್, ಎರಡು ಚಡ್ಡಿಗೆ 10 ಸಾವಿರ!"

ಪದ್ಮಕ್ಕ ಗಾಬರಿಯಾದರು. ಶಾಮಣ್ಣ ಆಗಲಿಲ್ಲ.

"ಬೇರೆಯವರ ಸೋಗು ತಾನೇ? ಸೊನ್ನಪ್ಪ ಬೇರೆಯವನೇ ಅಲ್ಲ. ಅವನು ಯಾರೂ ಅಲ್ಲ. ಯಾರೂ ಅಲ್ಲದೋನ ಸೋಗು ಹಾಕೋದು ಅಪರಾಧ ಅಂತ ಯಾವ ಕಲಮಲ್ಲಿದೆ ತೋರ್ಸು."

ವಿಶ್ವ ತೋರಿಸಲಿಲ್ಲ.

"ಅದೇ ಕಾಯ್ದೇಲಿ ಕಂಪನಿಗಳಿಗೆ 250 ಕೋಟಿ ತನಕ ದಂಡ ಅಂತ ಇದೆ. ಅದರ ನಿಯಮ ಹೊರಬರೋಕೆ 2025ರ ನವೆಂಬರ್ ಆಯ್ತು, ಮುಖ್ಯವಾದ ಹೊಣೆಗಳು ಹೆಗಲಿಗೆ ಬೀಳೋಕೆ ಅಲ್ಲಿಂದ ಮತ್ತೆ ಒಂದೂವರೆ ವರ್ಷ ವಾಯಿದೆ. ಸರ್ಕಾರ ಬೇಕಂದ್ರೆ ತನ್ನ ಇಲಾಖೆಗಳಿಗೆ ವಿನಾಯಿತಿ ಕೊಟ್ಕೋಬಹುದು. ಇನ್ನೊಂದು ತಮಾಷೆ ಕೇಳಿ. ಮಾಹಿತಿ ಹಕ್ಕು ಅಂತ ಒಂದಿತ್ತಲ್ಲ, ಅಧಿಕಾರಿ ಬಗ್ಗೆ ಕೇಳಿದ್ರೂ ಜನರ ಹಿತಕ್ಕೆ ಬೇಕು ಅಂದ್ರೆ ಕೊಡಬೇಕಿತ್ತು. ಈ ಕಾಯ್ದೆ ಆ ಕಲಮನ್ನೇ ತಿದ್ದಿತು. ಈಗ 'ಅದು ವೈಯಕ್ತಿಕ ಮಾಹಿತಿ' ಅಂತ ಬಾಗಿಲು ಹಾಕೋದು ಸಲೀಸು. ನನ್ನ ಗುಟ್ಟು ಕಾಪಾಡ್ತೀನಿ ಅಂತ ಹೇಳಿ ತಮ್ಮ ಗುಟ್ಟಿಗೆ ಬೀಗ ಹಾಕ್ಕೊಂಡ್ರು. ನನ್ನದು ಇನ್ನೂ ಬಟ್ಟೆ ಅಂಗಡೀಲೇ ಬಿದ್ದಿದೆ."

ಪಾರ್ಕಿನ ದೀಪ ಹತ್ತಿಕೊಂಡಿತು. ಆ ಕಂಬದ ಮೇಲೂ ಒಂದು ಕ್ಯಾಮೆರಾ ಇದೆ, ಆರು ತಿಂಗಳಿಂದ ಅದು ಮರವನ್ನೇ ನೋಡುತ್ತಿದೆ.

"ನಾನಂತೂ ಎಲ್ಲ ಕಡೆ ಸರಿಯಾದ ನಂಬರೇ ಕೊಡ್ತೀನಿ," ಅಂದ ನಾಗರಾಜ. ದನಿ ಸ್ವಲ್ಪ ಬೇರೆಯಾಗಿತ್ತು. "ಹುಟ್ಟಿದ ತಾರೀಖೂ ಕೊಡ್ತೀನಿ. ಈ ಸಲ ನನ್ನ ಹುಟ್ಟುಹಬ್ಬಕ್ಕೆ ಬೆಳಿಗ್ಗೆ ಆರಕ್ಕೆ ಕನ್ನಡಕದ ಅಂಗಡಿಯೋರು ಮೆಸೇಜ್ ಮಾಡಿದ್ರು. ಆಮೇಲೆ ಬ್ಯಾಂಕು. ಆಮೇಲೆ ರಕ್ತ ಪರೀಕ್ಷೆ ಲ್ಯಾಬು, 'ಡಿಯರ್ ನಾಗರಾಜ್, ಇಂದು ನಿಮ್ಮ ದಿನ' ಅಂತ. ಮಗ ಮಾಡಿದಾಗ ರಾತ್ರಿ ಹತ್ತಾಗಿತ್ತು, ಅಲ್ಲಿ ಆಗ ಬೆಳಗು, ಅವನದೇನೂ ತಪ್ಪಿಲ್ಲ. ಆದ್ರೂ ನಂಬರ್ ಹೇಳಿ ಸರ್ ಅಂತ ಯಾರಾದ್ರೂ ಕೇಳಿದ್ರೆ, ನನ್ನ ನಂಬರೂ ಬೇಕಲ್ಲಪ್ಪ ಒಬ್ಬರಿಗೆ ಅಂತ ಅನ್ಸುತ್ತೆ. ಹೇಳ್ತೀನಿ. ಎರಡು ಸಲ ಬಿಡಿಸಿ ಹೇಳ್ತೀನಿ."

ಶಾಮಣ್ಣನ ಬಾಯಲ್ಲಿ ಇದಕ್ಕೆ ತಯಾರಾದ ಮಾತು ಇರಲಿಲ್ಲ. ಚಡ್ಡಿ ಮಡಚಿ ಚೀಲಕ್ಕೆ ಹಾಕಿಕೊಂಡ.

"ನಿಮ್ಮ ಹುಟ್ಟುಹಬ್ಬ ಯಾವಾಗ?" ಅಂದರು ಪದ್ಮಕ್ಕ.

"ಹೋಯ್ತು ಪದ್ಮಕ್ಕ, ಹೋದ ತಿಂಗಳು."

"ಸೊನ್ನಪ್ಪಂದು ಯಾವಾಗ್ಲೋ," ಅಂದ ವಿಶ್ವ. ಅವನಿಗೆ ಒಳ್ಳೆಯ ಮನಸ್ಸಿದೆ, ಸಮಯ ತಿಳಿಯುವುದಿಲ್ಲ. ಆದರೆ ಆ ಹೊತ್ತಿಗೆ ಅದೇ ಬೇಕಾಗಿತ್ತು. ನಾಗರಾಜ ಮೊದಲು ನಕ್ಕ. ನಕ್ಕವನಿಗೆ ತಟಕ್ಕನೆ ಏನೋ ಹೊಳೆಯಿತು.

"ಲೋ ಶಾಮಣ್ಣ! ಆ 41 ಸಾವಿರ ಪಾಯಿಂಟು ಹಾಗೇ ಕೊಳೀತಿದೆಯಲ್ಲೋ! ಸೊನ್ನಪ್ಪ ಯಾರೂ ಅಲ್ಲ ಅಂದ್ರೆ, ಅದು ನಮ್ಮೆಲ್ಲರದೂ ಆಯ್ತು. ಒಂದು ಮಿಕ್ಸಿಯಾದ್ರೂ ಬರುತ್ತೆ!"

ಮಾರನೆಯ ದಿನ ನಾಗರಾಜ ಶಾಮಣ್ಣನ ಬಿಲ್ಲು ಹಿಡಿದುಕೊಂಡು ಹೋದ. ಸಂಜೆ ಬೆಂಚಿಗೆ ಬಂದಾಗ ಮುಖ ಸಣ್ಣಗಾಗಿತ್ತು.

"ಹತ್ತು ಸೊನ್ನೆ ಹೇಳ್ದೆ. ಹೂವು ಉದುರ್ತು, ವೆಲ್‌ಕಂ ಬ್ಯಾಕ್ ಅಂತು. ಪಾಯಿಂಟ್ ಕೊಡಮ್ಮ ಅಂದೆ. 'ಖಂಡಿತ ಸರ್, ನಿಮ್ಮ ಮೊಬೈಲಿಗೆ ಓಟಿಪಿ ಬಂದಿರುತ್ತೆ, ಹೇಳಿ' ಅಂದ್ಲು. ಎಲ್ಲಿ ಬರುತ್ತೋ? ಹತ್ತು ನಿಮಿಷ ಜೇಬು ತಡಕ್ತಾ ನಿಂತಿದ್ದೆ. ಓಟಿಪಿ ಇಲ್ದೆ ಸಿಸ್ಟಂ ತಗೊಳಲ್ವಂತೆ."

"ಬಂದಿರುತ್ತೆ ಕಣೋ," ಅಂದ ಶಾಮಣ್ಣ. "ಸೊನ್ನಪ್ಪನಿಗೆ ಬಂದಿರುತ್ತೆ. ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕಿನೋರು ದಿನಾ ಬಡ್ಕೋತಾರಲ್ಲ, ಆ ಮಾತು ಕೇಳಿರೋನು ಅವನೊಬ್ಬನೇ."